ಸೋಲಾರ್ ಕೊಟೇಶನ್ನು ಓದುವ ಬಗೆ: ಕಡಗಂಚಿಯ ಬಿಸಿಲೂ ಮಲೆನಾಡಿನ ಮನೆಯೂ

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾದಂದಿನಿಂದ ನಮ್ಮ ಭಾಗದ ತೋಟದ ಮನೆಗಳಿಗೂ ಸೋಲಾರ್ ಕಂಪೆನಿಗಳ ಪ್ರತಿನಿಧಿಗಳು ಬರತೊಡಗಿದ್ದಾರೆ. ಅವರು ಕೊಟ್ಟುಹೋದ ಕೊಟೇಶನ್ನುಗಳನ್ನು ಹಿಡಿದುಕೊಂಡು ಸಂಘದ ಕಚೇರಿಗೆ ಬರುವ ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಇವುಗಳಲ್ಲಿ ಯಾವುದು ಅಗ್ಗ?" ಕೊಟೇಶನ್ನಿನ ಕೊನೆಯ ಸಾಲಿನ ಮೊತ್ತವನ್ನು ಮಾತ್ರ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಏಕೆ ಬರುವುದಿಲ್ಲ, ಮತ್ತೆ ಏನನ್ನು ನೋಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಇತ್ತೀಚೆಗೆ ಸದಸ್ಯರೊಬ್ಬರು ನಮಗೆ ಎರಡು ಕೊಟೇಶನ್ನು ತೋರಿಸಿದರು. ಒಂದು ಇಲ್ಲಿನ ಅವರ ತೋಟದ ಮನೆಗೆ ಬಂದದ್ದು. ಇನ್ನೊಂದು ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಕಡಗಂಚಿಯಲ್ಲಿ ಉದ್ಯೋಗದಲ್ಲಿದ್ದು ಅಲ್ಲಿಯೇ ಮನೆ ಕಟ್ಟಿಸಿರುವ ಅವರ ಮಗನಿಗೆ ಬಂದದ್ದು. ಕಂಪೆನಿಗಳು ಬೇರೆ ಬೇರೆ. ಆದರೆ ಎರಡರಲ್ಲಿಯೂ ಒಂದೇ ಲೆಕ್ಕ ಬರೆದಿತ್ತು: 3 ಕಿಲೋವಾಟ್ ಪ್ಯಾನಲ್, ಕಿಲೋವಾಟಿಗೆ ದಿನಕ್ಕೆ 4 ಯೂನಿಟ್, ವರ್ಷಕ್ಕೆ 4,380 ಯೂನಿಟ್. ಅಂದರೆ ಮಲೆನಾಡಿನ ಮನೆಯ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. ಬಯಲುಸೀಮೆಯ ಲೆಕ್ಕವನ್ನೇ ಇಲ್ಲಿಗೂ ಇಳಿಸಿದ್ದರು.

ಕಡಗಂಚಿಯನ್ನು ನೋಡದವರಿಗಾಗಿ ಎರಡು ಮಾತು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ಹಾದಿಯಲ್ಲಿ ಸಿಗುವ ಊರು ಅದು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಸುತ್ತಲೂ ತೊಗರಿ ಬೆಳೆಯುವ ಕಪ್ಪು ನೆಲ, ಸಮತಟ್ಟಾದ ಮಾಳಿಗೆ ಮನೆಗಳು, ಬಿಸಿಲಿಗೆ ಅಡ್ಡ ಬರುವ ಗುಡ್ಡವಾಗಲಿ ಮರವಾಗಲಿ ಬಹಳ ಕಡಿಮೆ. ಆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಬೀಳುವುದು 7,000 ಮಿಲಿಮೀಟರಿಗೂ ಮಿಕ್ಕಿ. ಕಡಗಂಚಿಯ ಮಾಳಿಗೆಯ ಮೇಲೆ ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಎಂಬುದು ಸರಿಯಾದ ಮಾತೇ. ಕೆಲವು ತಿಂಗಳಲ್ಲಿ ಅದಕ್ಕಿಂತ ಹೆಚ್ಚೂ ಬಂದೀತು. ನಮ್ಮಲ್ಲಿ ಡಿಸೆಂಬರಿನಿಂದ ಮೇ ತನಕ, ಮರದ ನೆರಳಿಲ್ಲದ ಜಾಗದಲ್ಲಿ, 4 ಯೂನಿಟ್ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಸರಾಸರಿ 2 ಯೂನಿಟ್ ಎಂದು ಹಿಡಿಯುವುದು ಕ್ಷೇಮ. ಮಳೆ ಹಿಡಿದುಕೊಂಡ ವಾರದಲ್ಲಿ ಅದೂ ಇಲ್ಲ. ಅಕ್ಟೋಬರ್, ನವೆಂಬರಿಗೆ ಮೂರೂ ಕಾಲು ಎನ್ನೋಣ. ಇವನ್ನೆಲ್ಲ ಕೂಡಿಸಿದರೆ ವರ್ಷಕ್ಕೆ ಕಿಲೋವಾಟಿಗೆ 1,170ರ ಆಸುಪಾಸು, 3 ಕಿಲೋವಾಟಿಗೆ ಸುಮಾರು 3,500 ಯೂನಿಟ್ ಆಯಿತು. ಕೊಟೇಶನ್ನಿನಲ್ಲಿ ಬರೆದದ್ದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಇದೂ ನೆರಳಿಲ್ಲದ ಜಾಗದ ಮಾತು.

ನೆರಳಿನ ವಿಚಾರಕ್ಕೆ ಬಂದರೆ, ನೆರಳನ್ನು ಬೆಳೆಸುವುದೇ ನಮ್ಮ ಕಸುಬು. ಕಾಫಿಗೆ ನೆರಳು ಬೇಕು, ಪ್ಯಾನಲ್ಲಿಗೆ ಬೇಡ. ಪ್ಯಾನಲ್ಲುಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರಾದ್ದರಿಂದ ಸಾಲಿನಲ್ಲಿ ಒಂದರ ಮೇಲೆ ಸಿಲ್ವರ್ ಓಕಿನ ನೆರಳು ಬಿದ್ದರೂ ನಷ್ಟ ಆ ಒಂದಕ್ಕೇ ನಿಲ್ಲದೆ ಸಾಲಿಗೇ ತಗಲಬಹುದು. ಪ್ಯಾನಲ್ಲಿನೊಳಗೆ ಕೂಡಿಸಿರುವ ಬೈಪಾಸ್ ಡಯೋಡುಗಳು ಈ ನಷ್ಟವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ, ಪೂರ್ತಿ ತಡೆಯುವುದಿಲ್ಲ.

ನೆರಳನ್ನು ಅಳೆಯುವುದು ಕಷ್ಟವಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿರುತ್ತಾನೆ. ಆಗ ನಮ್ಮ ಭಾಗದಲ್ಲಿ, ಪ್ಯಾನಲ್ ಮಟ್ಟಕ್ಕಿಂತ 30 ಅಡಿ ಎತ್ತರವಿರುವ ಮರದ ನೆರಳು ನಡು ಮಧ್ಯಾಹ್ನ ಸುಮಾರು 22 ಅಡಿ ದೂರ ಬೀಳುತ್ತದೆ. ಬೆಳಿಗ್ಗೆ 9ಕ್ಕೂ ಮಧ್ಯಾಹ್ನ 3ಕ್ಕೂ 45 ಅಡಿಗಿಂತ ಹೆಚ್ಚು. ಮನೆಯ ಉತ್ತರಕ್ಕಿರುವ ಮರ ಆ ಕಾಲದಲ್ಲಿ ಏನೂ ಮಾಡದು. ದಕ್ಷಿಣ, ಪೂರ್ವ, ಪಶ್ಚಿಮದ ಮರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಪ್ರತಿನಿಧಿ ಬಂದದ್ದು ಏಪ್ರಿಲಿನಲ್ಲಾದರೆ, ಅವರಿಗೆ ಕಾಣುವ ನೆರಳು ಬೇರೆ, ಜನವರಿಯಲ್ಲಿ ಬೀಳುವ ನೆರಳು ಬೇರೆ ಎಂಬುದು ನೆನಪಿರಲಿ. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಪ್ಯಾನಲ್ಲಿಗಾಗಿ ಕಡಿಯಬೇಕೆಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಪ್ಯಾನಲ್ಲಿನ ಜಾಗ ಬದಲಿಸುವುದು ಸುಲಭ. ಮನೆಯ ಮಾಡಿಗಿಂತ ಕಣದ ಅಂಚು ಎಷ್ಟೋ ಕಡೆ ಉತ್ತಮ. ಹಿರಿಯರು ಕಾಫಿ, ಅಡಿಕೆ ಒಣಗಿಸಲು ಕಣ ಮಾಡಿದ್ದೇ ಬಿಸಿಲು ಹೆಚ್ಚು ಹೊತ್ತು ನಿಲ್ಲುವ ಜಾಗ ನೋಡಿ. ಆದರೆ ಕಣದ ಉತ್ತರದ ಅಂಚಿನಲ್ಲಿ ಪ್ಯಾನಲ್ ನಿಲ್ಲಿಸಬೇಕೇ ಹೊರತು ದಕ್ಷಿಣದಲ್ಲಲ್ಲ. ದಕ್ಷಿಣದಲ್ಲಿ ನಿಲ್ಲಿಸಿದರೆ ಒಣಗುವ ಫಸಲಿನ ಮೇಲೇ ಅದರ ನೆರಳು ಬಿದ್ದೀತು.

ಕೊಳ್ಳುತ್ತಿರುವುದು ಏನನ್ನು?

ಸದಸ್ಯರು ಕೊಟೇಶನ್ನು ಕೇಳುವುದಕ್ಕೆ ಮೊದಲೇ ತೀರ್ಮಾನಿಸಬೇಕಾದ ಮಾತು ಇದು. ಬೇಕಾಗಿರುವುದು ಬಿಲ್ಲಿನ ಉಳಿತಾಯವೋ, ಮಳೆಗಾಲದಲ್ಲಿ ಕರೆಂಟು ಹೋದಾಗ ದೀಪವೋ? ಇವೆರಡೂ ಒಂದೇ ಯಂತ್ರದಿಂದ ಸಿಗುತ್ತವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ.

ಸೂರ್ಯಘರ್ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವುದು ಲೈನಿಗೆ ಜೋಡಿಸುವ ವ್ಯವಸ್ಥೆ, ಆನ್-ಗ್ರಿಡ್ ಎನ್ನುತ್ತಾರೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ತಯಾರಾದ ಕರೆಂಟು ಮನೆಗೆ ಬಳಕೆಯಾಗಿ, ಉಳಿದದ್ದು ಲೈನಿಗೆ ಹೋಗುತ್ತದೆ. ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ಈ ಇನ್ವರ್ಟರೂ ನಿಂತುಬಿಡುತ್ತದೆ. ಇದು ದೋಷವಲ್ಲ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದೆಂದು ಬೇಕೆಂದೇ ಹಾಗೆ ಮಾಡಿರುವುದು. ಬಿರುಬಿಸಿಲಿದ್ದರೂ ಲೈನಿಲ್ಲದಿದ್ದರೆ ದೀಪವಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಲೈನು ಬಾರದ ಮನೆಗೆ ಇದರಿಂದ ಆ ಮೂರು ದಿನ ಕವಡೆ ಕಾಸಿನ ಪ್ರಯೋಜನವಿಲ್ಲ. ಕಡಗಂಚಿಯ ಮಗನಿಗೆ ಈ ವ್ಯವಸ್ಥೆ ಒಪ್ಪುತ್ತದೆ. ಇಲ್ಲಿನ ತಂದೆಗೆ ಒಪ್ಪುವುದೇ ಎಂಬುದು ಬೇರೆ ಪ್ರಶ್ನೆ.

ಇನ್ನು ಉಳಿತಾಯ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ಯೂನಿಟ್, 200ರ ಮಿತಿಯೊಳಗೆ, ಉಚಿತ. ತಿಂಗಳಿಗೆ 80-100 ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗೆ ಪ್ಯಾನಲ್ಲಿನಿಂದ ಉಳಿಯುವ ಬಿಲ್ಲಾದರೂ ಯಾವುದು? ಲೈನಿಗೆ ಕೊಟ್ಟ ಹೆಚ್ಚುವರಿ ಕರೆಂಟಿಗೆ ಹಣ ಬರುತ್ತದೆಂದು ಪ್ರತಿನಿಧಿ ಹೇಳಬಹುದು. ಬರುವುದು ನಿಜ, ಆದರೆ ಅದರ ದರವನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡುತ್ತದೆ. ನಾವು ಕೊಳ್ಳುವ ದರಕ್ಕಿಂತ ಅದು ಕಡಿಮೆ. ಅಷ್ಟಕ್ಕಾಗಿ ಲಕ್ಷ ರೂಪಾಯಿ ಹೂಡಿರೆಂದು ನಾವಂತೂ ಹೇಳಲಾರೆವು.

ತಿಂಗಳಿಗೆ 200 ದಾಟಿ ಪೂರ್ತಿ ಬಿಲ್ಲು ಕಟ್ಟುತ್ತಿರುವ ಮನೆಯ ಲೆಕ್ಕ ಬೇರೆ. 2025-26ರಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ತಿಂಗಳಿಗೆ 290 ಯೂನಿಟ್ ಬಳಸುವ ಮನೆಯಲ್ಲಿ 3,500 ಯೂನಿಟ್ ಪೂರ್ತಿ ವಸೂಲಾದರೆ ವರ್ಷಕ್ಕೆ 20,300 ರೂಪಾಯಿ ಉಳಿಯಿತು. ತಿಂಗಳಿಗೆ 220 ಯೂನಿಟ್ ಬಳಸುವ ಮನೆಗೆ 3 ಕಿಲೋವಾಟ್ ಹೆಚ್ಚಾಯಿತು. 2 ಕಿಲೋವಾಟ್ ಸಾಕು. ಸಬ್ಸಿಡಿ ಸಿಗುತ್ತದೆಂದು ದೊಡ್ಡದನ್ನು ಹಾಕಿಸುವುದು, ಗೊಬ್ಬರಕ್ಕೆ ರಿಯಾಯಿತಿ ಇದೆಯೆಂದು ಗಿಡದ ಬುಡಕ್ಕೆ ಎರಡು ಪಾಲು ಸುರಿದಂತೆ. ಪ್ಯಾನಲ್ ಹಾಕಿದರೂ ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ತಪ್ಪುವುದಿಲ್ಲ. ಲೋಡು ಹೆಚ್ಚಿಸಬೇಕಾಗುವುದೇ ಎಂದು ಮೊದಲೇ ಮೆಸ್ಕಾಂ ಅಥವಾ ಸೆಸ್ಕ್ ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹೆಚ್ಚಿದರೆ ಶುಲ್ಕವೂ ಹೆಚ್ಚುತ್ತದೆ.

ದೀಪವೇ ಮುಖ್ಯವಾದರೆ ಬ್ಯಾಟರಿ ಬೇಕು. ಇದು ಮಲೆನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಸೆಲ್ಕೋ ಸಂಸ್ಥೆ ಆರಂಭವಾದದ್ದು 1995ರಲ್ಲಿ; 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕು ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕು ಮನೆ ಸೋಲಾರಿಗೆ ಸಾಲ ಕೊಡತೊಡಗಿದವು. ಲೈನು ಬಾರದ ಎಷ್ಟೋ ಒಂಟಿಮನೆಗಳಲ್ಲಿ ಎರಡು ದೀಪ, ನಾಲ್ಕು ದೀಪದ ಸೋಲಾರುಗಳು ಬೆಳಗಿದ್ದು ಆ ಕಾಲದಲ್ಲಿ. ಅಂದಿನ ಲೆಕ್ಕವೇ ಇಂದಿಗೂ ಲೆಕ್ಕ: ಮೊದಲು ಬಳಕೆ, ಆಮೇಲೆ ಬ್ಯಾಟರಿ, ಕೊನೆಗೆ ಪ್ಯಾನಲ್.

9 ವಾಟಿನ ನಾಲ್ಕು ಬಲ್ಬು 5 ಗಂಟೆ ಉರಿದರೆ 180 ವಾಟ್-ಗಂಟೆ. ಇಂಟರ್‌ನೆಟ್ಟಿನ 10 ವಾಟಿನ ಪೆಟ್ಟಿಗೆ ಇಡೀ ದಿನ, 240. ಟಿ.ವಿ. 60 ವಾಟಿನಂತೆ 3 ಗಂಟೆ, 180. ಫೋನುಗಳಿಗೆ 50. ಒಟ್ಟು ದಿನಕ್ಕೆ 650. ಫ್ರಿಜ್ಜು, ಮಿಕ್ಸಿ, ನೀರಿನ ಪಂಪು ಇದರಲ್ಲಿ ಇಲ್ಲ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಗಂಟೆ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಹಾಗಾಗಿ ಕೈಗೆ ಸಿಗುವುದು 900, ಒಂದು ದಿನ ದಾಟಿ ಸ್ವಲ್ಪ. ಮೂರು ದಿನದ ಮೋಡಕ್ಕೆ ಅಂಥವು ಎರಡು ಇದ್ದರೂ ಸ್ವಲ್ಪ ಕೈಹಿಡಿದೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಶೇಕಡ 80ರಿಂದ 90ರಷ್ಟು ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು, ಬೆಲೆಯೂ ಹಾಗೆಯೇ. ಟ್ಯೂಬುಲರ್ ಬ್ಯಾಟರಿಯ ಕೊಟೇಶನ್ನಿನಲ್ಲಿ "150" ಎಂಬ ಅಂಕಿಯ ಪಕ್ಕ ಸಿ-10 ಎಂದಿದೆಯೋ ಸಿ-20 ಎಂದಿದೆಯೋ ನೋಡಿ. ಸಿ-10 ಎಂದರೆ 10 ಗಂಟೆಯಲ್ಲಿ ಖಾಲಿ ಮಾಡಿದಾಗ ಸಿಗುವ ಅಳತೆ, ಸಿ-20 ಎಂದರೆ 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನದು. ಅಂಕಿ ಒಂದೇ ಆದರೂ ಸಿ-10ರ ಬ್ಯಾಟರಿ ದೊಡ್ಡದು.

ಪ್ಯಾನಲ್ಲನ್ನು ಜನವರಿಗಲ್ಲ, ಜುಲೈ ತಿಂಗಳಿಗೆ ಲೆಕ್ಕ ಹಾಕಬೇಕು. ದಿನಕ್ಕೆ 650 ಬೇಕಾದಲ್ಲಿ ಜುಲೈಯ 2 ಯೂನಿಟ್ ಲೆಕ್ಕದಲ್ಲಿ 400 ವಾಟಿನ ಪ್ಯಾನಲ್ 800 ಕೊಡುತ್ತದೆ. ಬ್ಯಾಟರಿಯಲ್ಲಾಗುವ ನಷ್ಟ ಕಳೆದರೆ ಸರಿಸುಮಾರು ಸಮ. ಕಡಗಂಚಿಯ ಲೆಕ್ಕದಲ್ಲಿ 200 ವಾಟ್ ಸಾಕೆನ್ನುವ ಕೊಟೇಶನ್ನು ಇಲ್ಲಿ ಆಷಾಢದಲ್ಲಿ ಕೈಕೊಡುತ್ತದೆ. ಎರಡೂ ಬೇಕೆನ್ನುವವರಿಗೆ ಹೈಬ್ರಿಡ್ ಇನ್ವರ್ಟರ್ ಇದೆ, ಲೈನಿಗೂ ಬ್ಯಾಟರಿಗೂ ಸೇರಿದ್ದು. ಬ್ಯಾಟರಿಯ ಬೆಲೆಗೆ ಸೂರ್ಯಘರ್ ಸಬ್ಸಿಡಿ ಇಲ್ಲ ಎಂಬುದನ್ನು ತಿಳಿದಿರಬೇಕು.

ಪ್ಯಾನಲ್ಲುಗಳಲ್ಲಿ ಯಾವುದು?

ಕಾಫಿಯಲ್ಲಿ ತಳಿಯ ಚರ್ಚೆ ಮುಗಿಯದಿರುವಂತೆ ಇಲ್ಲಿಯೂ ಚರ್ಚೆ ಮುಗಿಯದು. ಆದರೆ ನಮ್ಮ ಅಭಿಪ್ರಾಯದಲ್ಲಿ ಪ್ಯಾನಲ್ಲಿನ ಜಾತಿಗೆ ಕೊಡುವ ಗಮನದ ಅರ್ಧವನ್ನು ಅದನ್ನು ನಿಲ್ಲಿಸುವ ಚೌಕಟ್ಟಿಗೆ ಕೊಟ್ಟರೆ ಒಳ್ಳೆಯದು. ನೀಲಿ ಬಣ್ಣದ ಪಾಲಿಕ್ರಿಸ್ಟಲೈನ್ ಹಳೆಯ ಬಗೆ. ಬಿದ್ದ ಬಿಸಿಲಿನಲ್ಲಿ ಶೇಕಡ 17ರಷ್ಟನ್ನು ಕರೆಂಟು ಮಾಡುತ್ತದೆ. ತೀರಾ ಅಗ್ಗದ ಕೊಟೇಶನ್ನಿನಲ್ಲಿ ಇದರ ಹಳೆಯ ದಾಸ್ತಾನು ಇದ್ದೀತು, ನೋಡಿಕೊಳ್ಳಿ. ಕಪ್ಪು ಬಣ್ಣದ ಮೋನೋ ಪರ್ಕ್ ಶೇಕಡ 20-21. ಅದಕ್ಕಿಂತ ಈಚಿನ ಟಾಪ್‌ಕಾನ್ ಶೇಕಡ 22ರ ಮೇಲೆ.

ಪ್ಯಾನಲ್ಲಿನ ಮೇಲೆ ಬರೆದ ವಾಟು 25 ಡಿಗ್ರಿ ಶಾಖದಲ್ಲಿ ಅಳೆದದ್ದು. ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಮುಟ್ಟುತ್ತದೆ, ಪ್ಯಾನಲ್ಲು 65 ದಾಟುತ್ತದೆ. ಏರಿದ ಒಂದೊಂದು ಡಿಗ್ರಿಗೆ ಪಾಲಿ ಶೇಕಡ 0.40, ಮೋನೋ ಪರ್ಕ್ 0.35, ಟಾಪ್‌ಕಾನ್ ಸುಮಾರು 0.30ರಂತೆ ಶಕ್ತಿ ಕಳೆದುಕೊಳ್ಳುತ್ತವೆ. 40 ಡಿಗ್ರಿ ಏರಿದಲ್ಲಿ ಪಾಲಿಗೆ ಶೇಕಡ 16, ಟಾಪ್‌ಕಾನಿಗೆ 12 ನಷ್ಟ. ಹಾಗಾಗಿ ಕಡಗಂಚಿಯಲ್ಲಿ ಟಾಪ್‌ಕಾನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅರ್ಥವಿದೆ. ನಮ್ಮ ತಂಪಿನಲ್ಲಿ ಆ ಲಾಭ ಅಷ್ಟು ದೊಡ್ಡದಲ್ಲ. ಎರಡೂ ಮುಖದಿಂದ ಬೆಳಕು ಹೀರುವ ಬೈಫೇಶಿಯಲ್ ಪ್ಯಾನಲ್ಲಿನ ಕಥೆಯೂ ಅದೇ. ಶಹಾಬಾದ್ ಕಲ್ಲು ಹಾಸಿದ ಬಿಳುಪಾದ ಮಾಳಿಗೆಯ ಮೇಲೆ ಎತ್ತರಿಸಿ ನಿಲ್ಲಿಸಿದರೆ ಕೆಳಗಿನ ಮುಖಕ್ಕೂ ಬೆಳಕು ಚಿಮ್ಮುತ್ತದೆ. ಮಂಗಳೂರು ಹೆಂಚಿನ ಮಾಡಿಗೆ ಒತ್ತಿ ಕೂರಿಸಿದರೆ ಕೆಳಗಿನ ಮುಖ ಕತ್ತಲೆಯಲ್ಲಿರುತ್ತದೆ. ಅದಕ್ಕೆಂದು ಹೆಚ್ಚು ಹಣ ತೆತ್ತರೆ ವ್ಯರ್ಥ.

540 ವಾಟಿನ ಪ್ಯಾನಲ್ ಒಂದು ಏಳೂವರೆ ಅಡಿ ಉದ್ದ, ಮುಕ್ಕಾಲು ಕಡಿಮೆ ನಾಲ್ಕಡಿ ಅಗಲವಲ್ಲ, ಕಾಲು ಕಡಿಮೆ ನಾಲ್ಕಡಿ ಅಗಲ, ತೂಕ 28 ಕಿಲೋ ಆಸುಪಾಸು. ಆರು ಪ್ಯಾನಲ್ಲಿಗೆ ಚೌಕಟ್ಟು ಬಿಟ್ಟು 170 ಕಿಲೋ. ಹಳೆಯ ಹೆಂಚಿನ ಮನೆಯಲ್ಲಿ ಈ ಭಾರ ಪಕಾಸಿನ ಮೇಲೆ ನಿಲ್ಲಬೇಕು, ರೀಪಿನ ಮೇಲೆ ನಿಲ್ಲಬಾರದು. ಮರಕ್ಕೆ ಗೆದ್ದಲು ಹಿಡಿದಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲವೇ ನೆಲದ ಮೇಲೆ ನಿಲ್ಲಿಸಿ. ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣವಾಗಿರಬೇಕು, ಬರೇ ಬಣ್ಣ ಬಳಿದದ್ದು ನಮ್ಮ ಮಳೆಗೆ ನಿಲ್ಲದು. ಏಪ್ರಿಲ್-ಮೇ ತಿಂಗಳ ಸಿಡಿಲನ್ನು ಕಂಡವರಿಗೆ ಅರ್ತಿಂಗಿನ ಬೆಲೆ ಹೇಳಬೇಕಾಗಿಲ್ಲ. ಪ್ಯಾನಲ್ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಸಿಡಿಲು ಕಂಬಿಗೊಂದು ಹೀಗೆ ಮೂರು ಪ್ರತ್ಯೇಕ ಗುಂಡಿಗಳೂ ಸರ್ಜ್ ತಡೆಯುವ ಸಾಧನಗಳೂ ಕೊಟೇಶನ್ನಿನಲ್ಲಿ ಹೆಸರಿಸಿ ಬರೆದಿರಬೇಕು. ಮಂಗನ ಕಾಟಕ್ಕೂ ಉದುರುವ ಅಡಿಕೆ ಹಾಳೆಗೂ ಯಾವ ಗ್ಯಾರಂಟಿಯಲ್ಲಿಯೂ ಜಾಗವಿಲ್ಲ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಮೊತ್ತವನ್ನು ವಾಟಿನಿಂದ ಭಾಗಿಸಿ

ಈಗ ಬೆಲೆ. ಲೆಕ್ಕ ತಿಳಿಯಲೆಂದು ನಾವೇ ಹಿಡಿದ ಅಂಕಿಗಳಿವು. "3 ಕಿಲೋವಾಟ್" ಎಂದು ತಲೆಬರಹವಿರುವ ಎರಡು ಕೊಟೇಶನ್ನುಗಳಲ್ಲಿ ಒಂದು 1,95,000, ಇನ್ನೊಂದು 2,07,000 ರೂಪಾಯಿ. ಮೊದಲನೆಯದು ಅಗ್ಗವೆಂದು ತೋರುತ್ತದೆ. ಒಳಗೆ ನೋಡಿದರೆ ಮೊದಲನೆಯದರಲ್ಲಿ 540 ವಾಟಿನ ಐದು ಪ್ಯಾನಲ್, ಅಂದರೆ 2,700 ವಾಟ್. 3 ಕಿಲೋವಾಟ್ ಎಂಬುದು ಇನ್ವರ್ಟರಿನ ಅಳತೆ. ಎರಡನೆಯದರಲ್ಲಿ ಆರು ಪ್ಯಾನಲ್, 3,240 ವಾಟ್. ವಾಟಿಗೆ ಮೊದಲನೆಯದು 72 ರೂಪಾಯಿ, ಎರಡನೆಯದು 64. ಸಬ್ಸಿಡಿಯನ್ನು ಮೊದಲ 2 ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಹೆಚ್ಚೆಂದರೆ 78,000 ಎಂದು ಕೊಡುತ್ತಾರೆ. ಪ್ಯಾನಲ್ ಮತ್ತು ಇನ್ವರ್ಟರ್ ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದು ಲೆಕ್ಕ. ಹಾಗಾದರೆ ಮೊದಲನೆಯದಕ್ಕೆ ಸಿಗುವುದು 72,600, ಎರಡನೆಯದಕ್ಕೆ ಪೂರ್ತಿ 78,000. ಕೈಯಿಂದ ಹೋಗುವುದು 1,22,400 ಮತ್ತು 1,29,000. ಬರೀ 6,600 ರೂಪಾಯಿಯ ವ್ಯತ್ಯಾಸಕ್ಕೆ ಒಂದು ಪೂರ್ತಿ ಪ್ಯಾನಲ್ ಹೆಚ್ಚು.

ಸಬ್ಸಿಡಿ ಕಳೆದ ಮೊತ್ತವನ್ನೇ ದಪ್ಪಕ್ಷರದಲ್ಲಿ ತೋರಿಸುವ ಪದ್ಧತಿ ಇದೆ. ಸಬ್ಸಿಡಿ ಬರುವುದು ಕೆಲಸ ಮುಗಿದು, ಮೀಟರು ಕೂತು, ತಪಾಸಣೆಯಾದ ಮೇಲೆ, ಬೆಳೆಗಾರರ ಸ್ವಂತ ಬ್ಯಾಂಕು ಖಾತೆಗೆ. ಅಲ್ಲಿಯ ತನಕ ಪೂರ್ತಿ ಹಣದ ಏರ್ಪಾಡು ನಮ್ಮದು. ಅದಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ನೋಂದಾಯಿತ ಕಂಪೆನಿಯೇ ಆಗಬೇಕು, ಪ್ಯಾನಲ್ಲೂ ಅದರೊಳಗಿನ ಕೋಶಗಳೂ ಭಾರತದಲ್ಲಿ ತಯಾರಾದದ್ದಾಗಿರಬೇಕು. ಹೊರದೇಶದ ಕೋಶವಿರುವ ಪ್ಯಾನಲ್ ಅಗ್ಗಕ್ಕೆ ಸಿಕ್ಕೀತು, ಸಬ್ಸಿಡಿ ಸಿಗದು. ಯೋಜನೆಯ ಅವಧಿ 2026-27ರ ಆರ್ಥಿಕ ವರ್ಷದ ತನಕ. ತೆರಿಗೆಯ ಸಾಲನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದಲ್ಲೇ ಬರೆದ ಕೊಟೇಶನ್ನಾದರೆ ತಿದ್ದಿಸಿಕೊಳ್ಳಿ.

ನಮ್ಮಲ್ಲಿ ಹೆಚ್ಚು ಅರ್ಜಿಗಳು ಸಿಕ್ಕಿಬೀಳುವುದು ಬೇರೆಯೇ ಕಡೆ. ಮನೆಯ ಆರ್.ಆರ್. ನಂಬರು ಇನ್ನೂ ತೀರಿಕೊಂಡ ತಂದೆಯ, ಕೆಲವೆಡೆ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಅರ್ಜಿ, ಬ್ಯಾಂಕು ಖಾತೆ, ಮೀಟರು ಮೂರರಲ್ಲೂ ಹೆಸರು ಹೊಂದಬೇಕು. ಪಾಲುಪಟ್ಟಿಯಾಗದ ಮನೆಗಳಲ್ಲಿ ಹೆಸರು ಬದಲಾವಣೆಗೆ ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗಿ ತಿಂಗಳುಗಳೇ ಹಿಡಿಯಬಹುದು. ಮುಂಗಡ ಕೊಡುವ ಮೊದಲು ಈ ಕೆಲಸ ಮುಗಿಸಿ.

ಗ್ಯಾರಂಟಿಯಲ್ಲಿ ಎರಡು ಬಗೆ. "25 ವರ್ಷ" ಎಂಬುದು ಪ್ಯಾನಲ್ ಇಷ್ಟಕ್ಕಿಂತ ಕಡಿಮೆ ಕರೆಂಟು ಕೊಡದು ಎಂಬ ಭರವಸೆ. ಪ್ಯಾನಲ್ ಕೆಟ್ಟರೆ ಬದಲಿಸಿಕೊಡುವ ಗ್ಯಾರಂಟಿ ಸಾಮಾನ್ಯವಾಗಿ 10-12 ವರ್ಷ. ಇನ್ವರ್ಟರಿಗೆ 5ರಿಂದ 10. ಸೂರ್ಯಘರ್ ಯೋಜನೆಯಲ್ಲಿ ಹಾಕಿದ ಕಂಪೆನಿ 5 ವರ್ಷ ನಿರ್ವಹಣೆ ಮಾಡಿಕೊಡಬೇಕು. ಆದರೆ ಜುಲೈಯಲ್ಲಿ ಇನ್ವರ್ಟರ್ ನಿಂತರೆ ರಿಪೇರಿಯವರು ಎಲ್ಲಿಂದ ಬರಬೇಕು, ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಘಟ್ಟದ ಕೆಳಗಿನ ಕಂಪೆನಿಯ ಅಗ್ಗದ ಕೊಟೇಶನ್ನಿಗಿಂತ ಹತ್ತಿರದ ಪೇಟೆಯಲ್ಲಿ ಆಳಿರುವ ಕಂಪೆನಿಗೆ ವಾಟಿಗೆ ಎರಡು ರೂಪಾಯಿ ಹೆಚ್ಚು ಕೊಡುವುದು ಮೇಲೆಂದೇ ನಮ್ಮ ಎಣಿಕೆ. ಹಣವನ್ನು ಕಂತಿನಲ್ಲಿ ಕೊಡಿ. ಕೊನೆಯ ಕಂತು ಮೀಟರು ಕೂತ ಮೇಲೆಯೇ.

ಕೊಟೇಶನ್ನು ತರುವ ಸದಸ್ಯರು ಅದರ ಜೊತೆಗೆ ಕಳೆದ 12 ತಿಂಗಳ ಕರೆಂಟು ಬಿಲ್ಲು, ಮಾಡಿನ ಅಥವಾ ಕಣದ ಉದ್ದಗಲ, ದಕ್ಷಿಣ ದಿಕ್ಕಿನ ಮರಗಳ ಅಂದಾಜು ಎತ್ತರ ಮತ್ತು ದೂರ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ಕಚೇರಿಯಲ್ಲಿಯೇ ಕೂತು ಲೆಕ್ಕ ಹಾಕಿ ನೋಡಬಹುದು. ಒಂದೇ ಕೊಟೇಶನ್ನು ತರಬೇಡಿ, ಮೂರಾದರೂ ಇರಲಿ.